ವಾರಿಜ ಚಿಕ್ಕಮ್ಮನ ನಿದ್ದೆ

ನಮ್ಮ ಮನೆಯಲ್ಲಿ ಹಗಲು ಮಲಗುವುದು ಜ್ವರ ಬಂದವರಿಗೆ ಮಾತ್ರ ಇದ್ದ ಹಕ್ಕು. ಜ್ವರ ಬಂದಿದೆ ಎಂದು ನಾವೇ ಹೇಳಿಕೊಂಡರೆ ಸಾಲದು. ಅಜ್ಜಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಕತ್ತಿನ ಬಳಿ ಮುಟ್ಟಿ ನೋಡಿ, ‘ಹೌದು’ ಅನ್ನಬೇಕಿತ್ತು. ಅಜ್ಜಿಯೇನೂ ಕಟುಕಳಲ್ಲ. ನಮ್ಮದು ಮನೆ ಅನ್ನುವುದಕ್ಕಿಂತ ಹೋಟೆಲಿನ ಹಿಂಭಾಗ, ಅಷ್ಟೆ. ರಿಪ್ಪನ್‌ಪೇಟೆಯಲ್ಲಿ ನಾಲ್ಕು ಕಡೆಯ ರಸ್ತೆಗಳು ಕೂಡುವ ಜಾಗದಲ್ಲಿ, ಬಸ್ಸು ನಿಲ್ಲುವ ಕಡೆಗೇ ಮುಖ ಮಾಡಿಕೊಂಡು ಅಪ್ಪನ ಹೋಟೆಲಿತ್ತು. ಮುಂದೆ ಬೆಂಚು, ಮೇಜು, ಬನ್ಸು ಗೋಳಿಬಜೆ ಇಡುವ ಗಾಜಿನ ಕಪಾಟು. ಅದರ ಹಿಂದೆ ಅಡುಗೆಮನೆ. ಹೋಟೆಲಿಗೂ ಮನೆಗೂ ಅದೊಂದೇ. ಅದನ್ನು ದಾಟಿದರೆ ನಾವೆಲ್ಲ ಉಣ್ಣುವ, ಓದುವ, ಜಗಳವಾಡುವ ಉದ್ದನೆಯ ಹಜಾರ, ಅದರ ಮೂಲೆಯಲ್ಲಿ ಚಿಕ್ಕಪ್ಪನ ಮದುವೆಗೆಂದು ಹಲಗೆ ಹೊಡೆದು ಬೇರೆ ಮಾಡಿದ ಸಣ್ಣ ಕೋಣೆ, ಎಲ್ಲಕ್ಕೂ ಹಿಂದೆ ಅಕ್ಕಿ ಸಕ್ಕರೆ ಮೂಟೆಗಳ ಉಗ್ರಾಣ. ಹೊಸನಗರದ ಕಡೆಯಿಂದ ಮೊದಲ ಬಸ್ಸು ಬರುವಷ್ಟರಲ್ಲಿ ಇಡ್ಲಿ ಇಳಿದಿರಬೇಕು, ಚಟ್ನಿ ತಿರುವಿರಬೇಕು, ಚಹಾದ ನೀರು ಕುದಿಯುತ್ತಿರಬೇಕು. ಅದಕ್ಕಾಗಿ ಹೆಂಗಸರು ಕತ್ತಲಿರುವಾಗಲೇ ಏಳುತ್ತಿದ್ದರು. ಅಕ್ಕಪಕ್ಕದ ಮನೆಯ ಮಕ್ಕಳು ಕೋಳಿ ಕೂಗಿಗೆ ಏಳುತ್ತಿದ್ದರೋ ಏನೋ, ನಾನು ಎದ್ದದ್ದೆಲ್ಲ ಗ್ರೈಂಡರಿನ ಗರಗರ ಸದ್ದಿಗೆ. ಗಂಡಸರು ಏಳುವುದು ಇಡ್ಲಿ ಇಳಿದ ಮೇಲೆ. ಅಪ್ಪ ಬಾಗಿಲು ತೆಗೆದು ಗಲ್ಲಾದಲ್ಲಿ ಕೂರುತ್ತಿದ್ದ, ಚಿಕ್ಕಪ್ಪ ಮೇಜಿಗೆ ಬಡಿಸುತ್ತಿದ್ದ. ಇದು ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದ್ದನ್ನು ನಾನು ಕೇಳಿಲ್ಲ.

ಆ ಮನೆಗೆ ಚಿಕ್ಕಪ್ಪನ ಹೆಂಡತಿಯಾಗಿ ವಾರಿಜ ಚಿಕ್ಕಮ್ಮ ಬಂದಾಗ ನಾನು ಪ್ರೈಮರಿ ಶಾಲೆಯ ಕೊನೆಯ ತರಗತಿಗಳಲ್ಲಿದ್ದೆ. ಅವಳು ತೀರ್ಥಹಳ್ಳಿ ಕಡೆಯವಳು. ಎತ್ತರದ ಹೆಂಗಸು, ಚಿಕ್ಕಪ್ಪನಿಗಿಂತ ತುಸು ಎತ್ತರವೇ. ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗುತ್ತದೋ ಇಲ್ಲವೋ ಎನ್ನುವ ಹಾಗೆ ನಡೆಯುತ್ತಿದ್ದಳು. ಮದುವೆಯಾದ ಮರುವಾರ ಅವಳ ಟ್ರಂಕಿನಿಂದ ಸೀರೆಗಳನ್ನು ತೆಗೆದು ಬಿಸಿಲಿಗೆ ಹಾಕುವಾಗ ಅಡಿಯಲ್ಲಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಸಿಕ್ಕಿತು. ಅಜ್ಜಿ ಅದನ್ನು ಲೇಸು ಹಿಡಿದು ಎತ್ತಿ ನೋಡಿದಳು.

“ಇದೆಂತದೇ?”

“ಶೂ, ಅತ್ತೆ. ಓಡೋಕೆ.”

“ಓಡೋಕಾ? ಎಲ್ಲಿಗೆ?”

“ಎಲ್ಲಿಗೂ ಅಲ್ಲ ಅತ್ತೆ. ಮೈದಾನದಲ್ಲೇ ಸುತ್ತು.”

ಎಲ್ಲಿಗೂ ಹೋಗದೆ ಓಡುವುದು ಅಜ್ಜಿಗೆ ಅರ್ಥವಾಗಲಿಲ್ಲ. ಚಿಕ್ಕಪ್ಪನಿಗೆ ಗೊತ್ತಿತ್ತು, ಅವಳು ಮದುವೆಗೆ ಮೊದಲೇ ಹೇಳಿ ಒಪ್ಪಿಸಿದ್ದಳಂತೆ. ಅವಳಿಗೆ ಕಾಡಿನ ಗಾರ್ಡ್ ಆಗಬೇಕಿತ್ತು. ಓದಿನ ಅಂಕಗಳು ಸಾಕಷ್ಟಿದ್ದವು. ಆದರೆ ಓಟ, ಜಿಗಿತ, ಗುಂಡು ಎಸೆತದ ದೈಹಿಕ ಪರೀಕ್ಷೆಯೊಂದಿತ್ತು, ಒಮ್ಮೆ ಅದರಲ್ಲಿ ಓಟ ಕೈಕೊಟ್ಟಿತ್ತು. ವಯಸ್ಸಿನ ಮಿತಿ ಮೀರುವ ಮೊದಲು ಅವಳಿಗೆ ಇನ್ನೊಂದೇ ಅವಕಾಶ. “ಕಾಡಲ್ಲಿ ನಡ್ಕೊಂಡು ತಿರುಗ್ತಾ ಸಂಬಳ ತಗೊಳ್ಳೋದು ಅಂದ್ರೆ ಮತ್ತೆಂತ ಬೇಕೇ ಸುಮಾ?” ಎಂದು ನನ್ನ ಹತ್ತಿರ ಹೇಳುತ್ತಿದ್ದಳು. ಅಜ್ಜಿ ಯೋಚಿಸಿ, ಹೋಟೆಲಿನ ಕೆಲಸಕ್ಕೆ ಒಂದು ಚೂರೂ ಕೊರತೆಯಾಗದ ಹಾಗೆ ಏನು ಬೇಕಾದರೂ ಮಾಡಿಕೊ ಎಂದು ಅಪ್ಪಣೆ ಕೊಟ್ಟಳು. ಚಿಕ್ಕಮ್ಮ ಆ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದಳು. ಎಲ್ಲರಿಗಿಂತ ಮೊದಲೇ ಎದ್ದು ಹಿಟ್ಟು ತಿರುವಿ, ಇಡ್ಲಿ ಒಲೆಗೆ ಏರಿಸಿ, ಚೂಡಿದಾರದ ಮೇಲೆ ಚಿಕ್ಕಪ್ಪನ ಹಳೆಯ ಸ್ವೆಟರು ಹಾಕಿಕೊಂಡು ನನ್ನನ್ನು ಎಬ್ಬಿಸುತ್ತಿದ್ದಳು. ಹೈಸ್ಕೂಲಿನ ಮೈದಾನದಲ್ಲಿ ಅವಳು ಓಡುವುದು, ನಾನು ಚಿಕ್ಕಪ್ಪನ ಗಡಿಯಾರ ಹಿಡಿದು ಹೊತ್ತು ನೋಡುವುದು. ಅಲ್ಲಿಂದ ಬಂದವಳು ಬಟ್ಟೆ ಬದಲಿಸಿ ಪಾತ್ರೆಯ ಮುಂದೆ ಕೂತರೆ ಕೊನೆಯ ಬಸ್ಸು ಹೋಗಿ, ಹಜಾರ ತೊಳೆದು, ನಾಳೆಯ ಉದ್ದು ನೆನೆಹಾಕುವವರೆಗೂ ಅವಳಿಗೆ ಬಿಡುವಿಲ್ಲ.

ಮೊದಮೊದಲು ಅವಳ ಓಟ ಚೆನ್ನಾಗಿಯೇ ಇತ್ತು. ಆಮೇಲೆ ಗಡಿಯಾರದಲ್ಲಿ ವಿಚಿತ್ರ ಕಾಣತೊಡಗಿತು. ದಿನದಿನಕ್ಕೆ ಕಡಿಮೆಯಾಗಬೇಕಾದ ಹೊತ್ತು ಜಾಸ್ತಿಯಾಗುತ್ತ ಹೋಯಿತು. ನಾನು ತಪ್ಪು ನೋಡಿದೆನೋ ಎಂದು ಅವಳೇ ಗಡಿಯಾರ ತೆಗೆದುಕೊಂಡು ಕಿವಿಗೆ ಹಿಡಿಯುತ್ತಿದ್ದಳು. ನಿಧಾನವಾದಷ್ಟೂ ಅವಳು ಇನ್ನೂ ಮೊದಲು ಎದ್ದು ಇನ್ನೂ ಜಾಸ್ತಿ ಓಡಿದಳು. ಮೊಣಕಾಲಿನ ಕೆಳಗೆ, ಮೂಳೆಯ ಉದ್ದಕ್ಕೂ ನೋವು ಬಂತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಮುಖದಲ್ಲಿ ಮದುವೆಯ ದಿನದ ಕಳೆ ಉಳಿದಿರಲಿಲ್ಲ; ತಟ್ಟೆಯ ಮುಂದೆ ಕೂತರೆ ತುತ್ತು ಬಾಯಿಗೆ ಹೋಗುವುದು ಮರೆತು ಹಾಗೇ ಇರುತ್ತಿದ್ದಳು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಹಬೆ ತಾಗಿ ಒಂದು ದಿನ ಮುಂಗೈ ಸುಟ್ಟುಕೊಂಡಳು. ಅಮ್ಮ ಅದಕ್ಕೆ ಜೇನು ಸವರುತ್ತ, ಈ ಓಟವೆಲ್ಲ ಯಾಕೆ ಬೇಕಿತ್ತು ಮಾರಾಯ್ತಿ ಎಂದು ಗೊಣಗಿದಳು. ಗೊಣಗಿದರೂ ಆ ದಿನ ಅವಳ ಪಾಲಿನ ಪಾತ್ರೆಯನ್ನೆಲ್ಲ ಅಮ್ಮನೇ ತೊಳೆದಳು.

ಒಂದು ಭಾನುವಾರ ತವರಿಗೆ ಹೋಗಿಬರುತ್ತೇನೆಂದು ಚಿಕ್ಕಮ್ಮ ನನ್ನನ್ನೂ ಕರೆದುಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದಳು. ತವರಿಗೆ ಹೋಗುವ ಮೊದಲು, ಕಾಲೇಜಿನಲ್ಲಿ ಅವಳಿಗೆ ಆಟ ಕಲಿಸಿ ಈಗ ನಿವೃತ್ತರಾಗಿದ್ದ ಐರಿನ್ ಮೇಡಂ ಮನೆಗೆ ಹೋದೆವು. ಬಿಳಿ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದ, ಜಗಲಿಯ ಗೂಟಕ್ಕೆ ಇನ್ನೂ ವಿಶಲ್ ತೂಗುಹಾಕಿಕೊಂಡಿದ್ದ ಸಣ್ಣ ದೇಹದ ಹೆಂಗಸು. ಚಿಕ್ಕಮ್ಮ ತಾನು ಎಷ್ಟು ಓಡುತ್ತೇನೆ, ಹೇಗೆ ಓಡುತ್ತೇನೆ ಎಂದು ಶುರುಮಾಡಿದಳು. ಮೇಡಂ ಕೈ ಎತ್ತಿ ತಡೆದರು.

“ಎಷ್ಟು ಓಡ್ತೀಯ ಅಂತ ಆಮೇಲೆ ಕೇಳ್ತೀನಿ. ಎಷ್ಟು ಮಲಗ್ತೀಯ, ಅದು ಹೇಳು.”

ಚಿಕ್ಕಮ್ಮ ನಕ್ಕಳು. “ಮದುವೆ ಆಗಿದೆ ಮೇಡಂ. ಹೋಟೆಲ್ ಮನೆ.”

“ಅದು ಉತ್ತರ ಅಲ್ಲ.”

ಚಿಕ್ಕಮ್ಮ ಉತ್ತರ ಹೇಳಿದಳು. ಮೇಡಂ ಬಗ್ಗಿ, ಅವಳ ಕಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದರು. ಚಿಕ್ಕಮ್ಮ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಓಡಿದಾಗ ಕಾಲೊಳಗೆ ಸಣ್ಣಸಣ್ಣದಾಗಿ ಹರೀತದೆ ವಾರಿಜ. ಹರೀಲೇಬೇಕು. ಮತ್ತೆ ಕೂಡ್ಕೊಳ್ಳುವಾಗ ಮೊದ್ಲಿಗಿಂತ ಗಟ್ಟಿಯಾಗಿ ಕೂಡ್ಕೊಳ್ತದೆ. ಆದ್ರೆ ಕೂಡ್ಕೊಳ್ಳೋದು ನೀನು ಓಡುವಾಗ ಅಲ್ಲ, ಮಲಗಿದಾಗ. ನೀನು ದಿನಾ ಹರೀತಾ ಇದ್ದೀಯ, ಹೊಲಿಯೋಕೆ ಬಿಡ್ತಾನೇ ಇಲ್ಲ.”

“ಯಾರು ಹೊಲಿಯೋದು?” ನಾನು ಕೇಳಿದೆ.

ಮೇಡಂ ನನ್ನ ಕಡೆ ತಿರುಗಿದರು. ನಾನೂ ಅಲ್ಲಿದ್ದೇನೆಂದು ಆಗಲೇ ಅವರಿಗೆ ಗೊತ್ತಾದ ಹಾಗಿತ್ತು. “ಒಳ್ಳೆ ಪ್ರಶ್ನೆ ಕೇಳ್ದೆ ನೋಡು. ನಾನು ಅಷ್ಟು ವರ್ಷ ಆಟ ಕಲಿಸಿದೆ, ಓಡೋದು ಹ್ಯಾಗೆ ಅಂತ ಹೇಳ್ಕೊಟ್ಟೆ. ಆ ಹೊಲಿಯೋ ಕೆಲಸ ಮಾತ್ರ ಯಾರೂ ಹೇಳ್ಕೊಡೋದು ಬೇಡ. ಮಲಗಿದ್ರೆ ಸಾಕು, ತಾನೇ ಆಗ್ತದೆ. ನನಗಂತೂ ಇವತ್ತಿಗೂ ಅದು ಆಶ್ಚರ್ಯವೇ.”

ಓಟ ಕಡಿಮೆ ಮಾಡು, ವಾರದಲ್ಲಿ ಪೂರಾ ಬಿಡುವಿನ ದಿನ ಇರಲಿ, ರಾತ್ರಿ ಬೇಗ ಮಲಗಿ ಬೆಳಕು ಹರಿದ ಮೇಲೆ ಏಳು, ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಅಡ್ಡಾಗು, ಸಂಜೆಯ ಮೇಲೆ ಚಹಾ ಮುಟ್ಟಬೇಡ. ಅವರು ಹೇಳಿದ್ದು ಇಷ್ಟೇ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು ಮಲಗಿದ್ದವರನ್ನೆಲ್ಲ ನಾನು ಹೊಸದಾಗಿ ನೋಡಿದೆ. ಹುಂಚದಲ್ಲಿ ಹತ್ತಿದ ಮುದುಕರೊಬ್ಬರು ಚೀಲ ತಬ್ಬಿಕೊಂಡು ಗೊರಕೆ ಹೊಡೆಯುತ್ತಿದ್ದರು. ಅವರ ಒಳಗೂ ಯಾರೋ ಕೂತು ಸದ್ದಿಲ್ಲದೆ ಹೊಲಿಯುತ್ತಿದ್ದಾರೆ ಎಂದುಕೊಂಡು, ಗೌರವದಿಂದ ನನ್ನ ಕಾಲನ್ನು ಅವರಿಗೆ ತಾಗದ ಹಾಗೆ ಎಳೆದುಕೊಂಡೆ.

ಆದರೆ ನಮ್ಮ ಮನೆಯಲ್ಲಿ ಅದನ್ನು ಕೇಳುವುದು ಹೇಗೆ? ಅಮಾವಾಸ್ಯೆಯ ಮಧ್ಯಾಹ್ನ ಹೋಟೆಲು ಮುಚ್ಚುತ್ತಿತ್ತು. ಆ ದಿನ ಮಾತ್ರ ಎಲ್ಲರೂ ಒಟ್ಟಿಗೆ ಹಜಾರದಲ್ಲಿ ಕೂತು ಉಣ್ಣುತ್ತಿದ್ದೆವು. ಕಳಲೆ ಪಲ್ಯ, ಕೆಂಪಕ್ಕಿ ಅನ್ನ, ಅಪ್ಪೆಹುಳಿ. ಮಜ್ಜಿಗೆಗೆ ಬಂದಾಗ ಚಿಕ್ಕಮ್ಮ ಬಾಯಿ ತೆರೆದಳು. ರಾತ್ರಿ ಬೇಗ ಮಲಗಬೇಕು, ಬೆಳಿಗ್ಗೆ ಹಿಟ್ಟು ತಿರುವಲು ಏಳಲು ಆಗುವುದಿಲ್ಲ, ಮಧ್ಯಾಹ್ನವೂ ಸ್ವಲ್ಪ ಮಲಗಬೇಕು, ಪರೀಕ್ಷೆ ಮುಗಿಯುವವರೆಗೆ ಮಾತ್ರ. ತಲೆ ಬಗ್ಗಿಸಿಕೊಂಡು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಪ್ಪ ಅಜ್ಜಿಯ ಮುಖ ನೋಡಿದ. ಚಿಕ್ಕಪ್ಪ ತಟ್ಟೆ ನೋಡಿಕೊಂಡ. ಮಾತಾಡಿದವಳು ನನ್ನ ಅಮ್ಮ.

“ಅವಳು ಮಲಗ್ಲಿ. ಬೇಡ ಅನ್ನಲ್ಲ ನಾನು. ಎದ್ದಿರೋರು ಯಾರು, ಅದು ಹೇಳಿ ಮೊದ್ಲು.”

ಅಮ್ಮ ಮಜ್ಜಿಗೆಯ ಲೋಟ ಕೆಳಗಿಟ್ಟಳು.

“ಇವಳು ಹುಟ್ಟಿ ಮೈ ಹಸಿ ಆರೋ ಮೊದ್ಲೇ ನಾನು ದೋಸೆ ಕಾವಲಿ ಮುಂದೆ ನಿಂತಿದ್ದೆ,” ಎಂದು ಅಮ್ಮ ನನ್ನ ಕಡೆ ಕೈ ತೋರಿಸಿದಳು. ಅವಳ ಧ್ವನಿ ಏರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾದದ್ದು. “ನನ್ನ ಕಾಲೂ ನೋಯ್ತದೆ. ನನಗೆ ಯಾವ ಮೇಡಂ ಬಂದು ಹೇಳ್ತಾರೆ ಮಲಗು ಅಂತ?”

“ಸಾಕು ಬಿಡ್ರೇ,” ಅಂದಳು ಅಜ್ಜಿ. “ಈ ಮನೇಲಿ ಎಲ್ರೂ ಎದ್ದೇ ಇರೋದು.”

ಮಾತು ಅಲ್ಲಿಗೆ ಮುಗಿಯಿತು. ಚಿಕ್ಕಮ್ಮ ಎದ್ದು ಎಲ್ಲರ ತಟ್ಟೆ ಎತ್ತಿದಳು. ಅಮ್ಮನ ತಟ್ಟೆಯನ್ನು ಎತ್ತಲು ಬಗ್ಗಿದಾಗ ಅಮ್ಮ ಅದನ್ನು ಕೊಡದೆ ತಾನೇ ತೊಳೆಯಲು ಒಯ್ದಳು. ಇಬ್ಬರಲ್ಲಿ ಯಾರ ಕಡೆ ನಿಲ್ಲಬೇಕೆಂದು ನನಗೆ ತಿಳಿಯಲಿಲ್ಲ. ಈಗಲೂ ಆ ಮಧ್ಯಾಹ್ನ ನೆನೆದರೆ ಇಬ್ಬರ ಮಾತೂ ಸರಿಯಾಗಿಯೇ ಕೇಳಿಸುತ್ತದೆ.

ಅದಾದ ಕೆಲವೇ ದಿನಗಳಿಗೆ ಸಂತೆಯ ದಿನ ಬಂತು. ಹೋಟೆಲಿನಲ್ಲಿ ಕೂರಲು ಜಾಗವಿಲ್ಲ. ಒಲೆಯ ಮೇಲಿನ ಸಾಂಬಾರಿನ ದೊಡ್ಡ ಪಾತ್ರೆಯನ್ನು ಅಮ್ಮ ಒಂದು ಕಡೆಯಿಂದ, ಚಿಕ್ಕಮ್ಮ ಒಂದು ಕಡೆಯಿಂದ ಬಟ್ಟೆ ಹಿಡಿದು ಎತ್ತಿದರು. ನಾನು ಸ್ವಲ್ಪ ಆಚೆ ಮಣೆಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಅಮ್ಮ ‘ವಾರಿಜಾ’ ಎಂದು ಕೂಗಿದ್ದು ಕೇಳಿ ತಲೆಯೆತ್ತಿದೆ. ಚಿಕ್ಕಮ್ಮನ ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣಿನ ಹಿಂದೆ ಯಾರೂ ಇರಲಿಲ್ಲ. ಅವಳ ಕಡೆಯ ಪಾತ್ರೆ ಮೆಲ್ಲಗೆ ಇಳಿಯುತ್ತಿತ್ತು. ಮುಂದಿನದು ನನಗೆ ಗೊತ್ತಾಗಿದ್ದು ಜಡೆಯ ಬುಡದಲ್ಲಿ. ಅಜ್ಜಿ ನನ್ನ ಜಡೆ ಹಿಡಿದು ಎಳೆದ ರಭಸಕ್ಕೆ ನಾನು ಹಜಾರದ ಹೊಸ್ತಿಲಿನಲ್ಲಿ ಬಿದ್ದಿದ್ದೆ. ಕುದಿಯುವ ಸಾಂಬಾರು ನಾನು ಕೂತಿದ್ದ ಮಣೆಯನ್ನು ಮುಳುಗಿಸಿ ಬಚ್ಚಲಿನ ಕಡೆ ಹರಿಯಿತು. ಮಣೆಯಿಂದ ಹಬೆ ಏಳುತ್ತಿತ್ತು. ಅಮ್ಮ ನನ್ನ ಕೈಕಾಲು, ಮುಖ, ಬೆನ್ನು ಎಲ್ಲ ತಡವಿ ನೋಡಿದಳು. ಎಲ್ಲೂ ಏನೂ ಆಗಿರಲಿಲ್ಲ. ಚಿಕ್ಕಮ್ಮ ಅಳಲಿಲ್ಲ. ಬಟ್ಟೆ ಹಿಡಿದ ಕೈ ಹಾಗೇ ಇಟ್ಟುಕೊಂಡು, ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು:

“ಅತ್ತೆ, ನಾನು ನಿದ್ದೆ ಮಾಡ್ತಿದ್ದೆ. ನಿಂತ್ಕೊಂಡೇ ನಿದ್ದೆ ಮಾಡ್ತಿದ್ದೆ.”

ಬೈಗುಳ ಬರುತ್ತದೆಂದು ನಾನು ಕಾದೆ. ಅಜ್ಜಿ ಸುಮ್ಮನೆ ಉಗ್ರಾಣಕ್ಕೆ ಹೋದಳು. ಮೂಟೆ ಜರುಗಿಸುವ ಸದ್ದು, ಚಾಪೆ ಕೊಡವುವ ಸದ್ದು ಕೇಳಿತು. ಬಾಗಿಲಿಗೆ ಬಂದು ನಿಂತು ಅಂದಳು:

“ಹೋಗು. ಮಲಗು.”

“ಈಗ್ಲಾ ಅತ್ತೆ? ಸಂತೆ ದಿನ. ನೆಲ ಎಲ್ಲ...”

“ನೆಲ ನಾನು ಒರೆಸ್ತೀನಿ. ನೀನು ಹೋಗು ಅಂದ್ನಲ್ಲ.”

ಆ ಸಂಜೆ ಹೋಟೆಲು ಖಾಲಿಯಾದ ಮೇಲೆ ಅಜ್ಜಿ ತನ್ನ ಇಬ್ಬರು ಗಂಡುಮಕ್ಕಳನ್ನೂ ಬೆಂಚಿನ ಮೇಲೆ ಕೂರಿಸಿದಳು. ನಾಳೆಯಿಂದ ಬೆಳಿಗ್ಗೆ ಹಿಟ್ಟು ತಿರುವುವುದು ಅವರಿಬ್ಬರ ಕೆಲಸ. ಚಿಕ್ಕಮ್ಮನ ಪಾಲಿನ ಮಧ್ಯಾಹ್ನದ ಕೆಲಸ ಅಮ್ಮನಿಗೆ, ಸಂಜೆಯದು ಅಜ್ಜಿಗೆ.

“ನಾವಾ?” ಅಪ್ಪ ಗಾಬರಿಯಾದ. “ನಮಗೆಲ್ಲಿ ಬರ್ತದಮ್ಮಾ ಅದು?”

“ಉದ್ದಿನಬೇಳೆ ಎಂತ ಗಂಡಸು ಹೆಂಗಸು ನೋಡ್ಕೊಂಡು ನುಣ್ಣಗಾಗ್ತದಾ?”

ಅಮ್ಮ ಒಲೆಯ ಮುಂದೆ ನಿಂತು ಇದೆಲ್ಲ ಕೇಳುತ್ತಿದ್ದಳು. ಮರುದಿನದಿಂದ ಮಧ್ಯಾಹ್ನದ ಬಜೆ ಕರಿಯುವ ಕೆಲಸವನ್ನು ಒಬ್ಬಳೇ ಮಾಡಿದಳು, ಅಷ್ಟೇ.

ಮೊದಲ ವಾರದ ಇಡ್ಲಿಗಳನ್ನು ರಿಪ್ಪನ್‌ಪೇಟೆಯ ಹಳಬರು ಈಗಲೂ ಮರೆತಿರಲಿಕ್ಕಿಲ್ಲ. ಮೊದಲ ಬಸ್ಸಿನ ಡ್ರೈವರು ಒಂದು ತುಂಡು ಮುರಿದು, ತಟ್ಟೆಯ ಅಂಚಿಗೆ ಬಡಿದು ನೋಡಿ, “ಎಂತದು ಮಾರಾಯ್ರೆ, ರಸ್ತೆಗೆ ಹಾಕೋ ಜಲ್ಲಿ ಇಲ್ಲಿಗೆ ಬಂತಾ?” ಎಂದು ಕೇಳಿದ. ಅಪ್ಪ ದುಡ್ಡು ತೆಗೆದುಕೊಳ್ಳದೆ ನಾಳೆ ಬನ್ನಿ ಎಂದ. ಗಂಡಸರು ಕಲಿತರು. ಚಿಕ್ಕಪ್ಪನಿಗಂತೂ ಹಿಟ್ಟಿನ ಹದದ ವಿಷಯದಲ್ಲಿ ಅಮ್ಮನ ಜೊತೆ ವಾದ ಮಾಡುವಷ್ಟು ಧೈರ್ಯ ಬಂತು. ಕಷ್ಟಪಟ್ಟದ್ದು ಚಿಕ್ಕಮ್ಮ. ಮಲಗಲು ಬಿಟ್ಟರೂ ಅವಳಿಗೆ ನಿದ್ದೆ ಬರಲಿಲ್ಲ. ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಅಡುಗೆಮನೆಯ ಒಂದೊಂದು ಸದ್ದನ್ನೂ ಎಣಿಸುತ್ತಿದ್ದಳು. ಲೋಟ ಬಿದ್ದರೆ ಎದ್ದು ಬರುವಳು. ಅಜ್ಜಿ ತಿರುಗಿ ಕಳಿಸುವಳು. ಹೀಗೆ ಅವಳು ಬರುವುದು, ಇವಳು ಕಳಿಸುವುದು. ಕೊನೆಗೆ ಅಜ್ಜಿ ಸದ್ದಿನ ಮೇಲೇ ಯುದ್ಧ ಸಾರಿದಳು. ಉಗ್ರಾಣದ ಕಿಟಕಿಗೆ ಗೋಣಿ ಹೊಡೆಸಿದಳು. ಪಕ್ಕದ ಕ್ಯಾಸೆಟ್ ಅಂಗಡಿಯವನಿಗೆ ಮಧ್ಯಾಹ್ನ ಹಾಡು ಸಣ್ಣಗೆ ಹಾಕಲು ಹೇಳಿ, ಬದಲಿಗೆ ಬನ್ಸು ಕಳಿಸಿದಳು. ಒಂದು ದಿನ ಸಾಗರದ ಬಸ್ಸು ನಮ್ಮ ಬಾಗಿಲ ಮುಂದೆಯೇ ನಿಂತು ಉದ್ದಕ್ಕೆ ಹಾರನ್ ಹೊಡೆದಾಗ, ಕೈಯಲ್ಲಿದ್ದ ಸಟ್ಟುಗದ ಸಮೇತ ರಸ್ತೆಗೆ ಇಳಿದು ಡ್ರೈವರಿನ ಕಿಟಕಿಯ ಕೆಳಗೆ ನಿಂತಳು.

“ಹಾರನ್ ಯಾರಿಗೆ ಹೊಡಿತೀಯಪ್ಪಾ?”

“ಪ್ಯಾಸೆಂಜರ್ ಬರ್ಬೇಕಲ್ಲ ಅಮ್ಮಾ.”

“ಪ್ಯಾಸೆಂಜರಿಗೆ ಕಣ್ಣಿಲ್ವಾ? ಇಷ್ಟು ದೊಡ್ಡ ಬಸ್ಸು ಕಾಣ್ಸಲ್ವಾ? ನನ್ನ ಸೊಸೆ ಮಲಗಿದ್ದಾಳೆ.”

ಬಸ್ಸಿನೊಳಗಿದ್ದವರೆಲ್ಲ ನಕ್ಕರು. ಆದರೆ ಸ್ವಲ್ಪ ದಿನದಲ್ಲಿ ಮಧ್ಯಾಹ್ನದ ಬಸ್ಸುಗಳು ನಮ್ಮ ಹೋಟೆಲು ದಾಟಿ, ಮುಂದಿನ ಮರದ ಹತ್ತಿರ ಹೋಗಿ ಹಾರನ್ ಹೊಡೆಯತೊಡಗಿದವು. ಊರಿನಲ್ಲಿ ಆಡಿಕೊಳ್ಳುವವರೂ ಇದ್ದರು. ಹಾಲು ತರುತ್ತಿದ್ದ ಹೆಂಗಸು, ಸೊಸೆಗೆ ರಾಣಿ ವೈಭೋಗ ಅಂತೆ ಎಂದು ಅಜ್ಜಿಯ ಮುಖದ ಮೇಲೆಯೇ ಹೇಳಿದಳು. “ರಾಣಿ ಅಲ್ವೇ. ಅವಳು ಓಡ್ತಾಳೆ. ಓಡೋರು ಮಲಗ್ಬೇಕು,” ಅಂದಳು ಅಜ್ಜಿ, ಹುಟ್ಟಿದಾಗಿನಿಂದ ಇದು ತನಗೆ ಗೊತ್ತಿತ್ತು ಎನ್ನುವ ಹಾಗೆ.

ಒಂದು ಶನಿವಾರ ಶಾಲೆ ಬೇಗ ಬಿಟ್ಟಿತ್ತು. ಮನೆಗೆ ಬಂದರೆ ಎಲ್ಲರೂ ಪಿಸುಮಾತಿನಲ್ಲಿದ್ದರು. ನಾನು ಉಗ್ರಾಣದ ಬಾಗಿಲನ್ನು ಬೆರಳಷ್ಟು ಸರಿಸಿ ನೋಡಿದೆ. ಗೋಣಿಯ ಕಣ್ಣುಗಳಿಂದ ಬೆಳಕು ಚುಕ್ಕೆಚುಕ್ಕೆಯಾಗಿ ಮೂಟೆಗಳ ಮೇಲೆ ಬಿದ್ದಿತ್ತು. ಸಕ್ಕರೆ, ಬೆಲ್ಲ, ಒಣಮೆಣಸಿನಕಾಯಿಯ ವಾಸನೆಯ ನಡುವೆ ಚಿಕ್ಕಮ್ಮ ಮಲಗಿದ್ದಳು. ಜ್ವರವಿಲ್ಲದೆ, ಹಗಲು ಹೊತ್ತಿನಲ್ಲಿ, ಅಷ್ಟು ಆಳಕ್ಕೆ ಇಳಿದು ಮಲಗಿದ ದೊಡ್ಡವರನ್ನು ನಾನು ನೋಡಿದ್ದು ಅದೇ ಮೊದಲು. ಉಸಿರು ಎಷ್ಟು ನಿಧಾನವಾಗಿತ್ತೆಂದರೆ, ಒಂದು ಮುಗಿದು ಇನ್ನೊಂದು ಬರುವುದರೊಳಗೆ ನನಗೇ ಭಯವಾಗುತ್ತಿತ್ತು. ಆಗಾಗ ಮೀನಖಂಡದಲ್ಲಿ ಒಂದು ಎಳೆ ಮಿಡಿದು ಸುಮ್ಮನಾಗುತ್ತಿತ್ತು. ಬೆರಳುಗಳು ಬಿಚ್ಚಿಕೊಂಡಿದ್ದವು. ಅಲ್ಲಿ ಏನೂ ನಡೆಯುತ್ತಿರಲಿಲ್ಲ, ಆದರೂ ಏನೋ ಭಾರಿ ಕೆಲಸ ನಡೆಯುತ್ತಿದೆ ಎಂದು ನನ್ನ ಮೈಗೆ ಗೊತ್ತಾಗುತ್ತಿತ್ತು. ದೇವಸ್ಥಾನದಲ್ಲಿ ಗರ್ಭಗುಡಿಯ ಮುಂದೆ ನಿಂತಾಗ ಬರುವಂಥ ಮೌನ ನಮ್ಮ ಉಗ್ರಾಣದಲ್ಲಿ, ಮೆಣಸಿನಕಾಯಿ ಚೀಲದ ಪಕ್ಕದಲ್ಲಿತ್ತು. ಬಾಗಿಲು ಮುಚ್ಚಲು ಮನಸ್ಸಾಗದೆ ಬಹಳ ಹೊತ್ತು ಹಾಗೇ ನಿಂತಿದ್ದೆ.

ಈಗ ನಾನು ಸಾಗರದ ಒಂದು ಶಾಲೆಯಲ್ಲಿ ಆಟ ಕಲಿಸುತ್ತೇನೆ. ರಾತ್ರಿಯೆಲ್ಲ ಮೊಬೈಲು ನೋಡಿ ಬೆಳಿಗ್ಗೆ ಆಕಳಿಸುತ್ತ ಮೈದಾನಕ್ಕೆ ಬರುವ ಮಕ್ಕಳನ್ನು ನಾನು ಓಡಿಸುವುದಿಲ್ಲ, ಮನೆಗೆ ಹೋಗಿ ಮಲಗಿ ನಾಳೆ ಬಾ ಅನ್ನುತ್ತೇನೆ. ಅಪ್ಪಂದಿರು ಬಂದು ಜಗಳ ಮಾಡುತ್ತಾರೆ, ನೀವು ಸಂಬಳ ತಗೊಳ್ಳೋದು ಮಲಗಿಸೋಕಾ ಎಂದು ಕೇಳುತ್ತಾರೆ. ನನಗೆ ತಿಳಿದದ್ದನ್ನು ಅವರಿಗೆ ಹೇಳುತ್ತೇನೆ. ಆದರೆ ಅದು ನನಗೆ ತಿಳಿದದ್ದು ಓದಿನಿಂದ ಅಲ್ಲ ಎನ್ನುವುದನ್ನು ಹೇಗೆ ಹೇಳಲಿ? ಆ ಚಳಿಗಾಲದಲ್ಲಿ ಚಿಕ್ಕಮ್ಮನ ಕಾಲು ಹೈಸ್ಕೂಲು ಮೈದಾನದಲ್ಲಿ ಮತ್ತೆ ನೆಲ ಬಿಟ್ಟು ಏಳುವುದನ್ನು ನಾನು ಕಣ್ಣಾರೆ ಕಂಡವಳು. ಅವಳು ಮೊದಲಿಗಿಂತ ಕಡಿಮೆ ಓಡುತ್ತಿದ್ದಳು, ವಾರಕ್ಕೊಂದು ದಿನ ಶೂ ಮುಟ್ಟುತ್ತಲೇ ಇರಲಿಲ್ಲ, ಬಿಸಿಲು ಮೂಡಿದ ಮೇಲೆ ಬರುತ್ತಿದ್ದಳು. ಕಾಲಿನ ನೋವು ಯಾವಾಗ ಹೋಯಿತೆಂದು ಅವಳಿಗೇ ಗೊತ್ತಾಗಲಿಲ್ಲ. ಒಂದು ಬೆಳಿಗ್ಗೆ ಮಂಜಿನೊಳಗಿಂದ ಅವಳು ನನ್ನ ಕಡೆ ಬರುತ್ತಿದ್ದಾಗ ಹೆಜ್ಜೆಯ ಸದ್ದೇ ಇರಲಿಲ್ಲ, ಬರೀ ಉಸಿರು. ಗಡಿಯಾರ ನೋಡಿ ನಾನು ಕೂಗಿಕೊಂಡೆ. ಈ ಸಲ ಅವಳು ಅದನ್ನು ಕಿವಿಗೆ ಹಿಡಿಯಲಿಲ್ಲ. ಹುಲ್ಲಿನ ಮೇಲೆ ಅಂಗಾತ ಮಲಗಿ ಆಕಾಶ ನೋಡಿ ನಗತೊಡಗಿದಳು.

ಪರೀಕ್ಷೆ ಶಿವಮೊಗ್ಗದಲ್ಲಿ. ಹಿಂದಿನ ದಿನವೇ ಹೊರಟು ನೆಂಟರ ಮನೆಯಲ್ಲಿ ಉಳಿಯಬೇಕೆಂದದ್ದು ಅಜ್ಜಿ. ತಾನೂ ಬರುತ್ತೇನೆಂದು ಹೊರಟಳು. ಚಿಕ್ಕಪ್ಪ, ನಾನು, ಅವರಿಬ್ಬರು. ಅಮ್ಮ ಅಪ್ಪ ಹೋಟೆಲಿಗೆ ನಿಂತರು. ಬಸ್ಸು ಹತ್ತುವಾಗ ಅಮ್ಮ ಓಡಿಬಂದು ಕಿಟಕಿಯಿಂದ ಒಂದು ಪೊಟ್ಟಣ ಕೊಟ್ಟಳು. ಒಳಗೆ ಎಳ್ಳುಂಡೆ ಇತ್ತು. “ಹೊಟ್ಟೆ ಖಾಲಿ ಇಟ್ಕೊಂಡು ಓಡ್ಬೇಡ,” ಅಂದಳು, ಚಿಕ್ಕಮ್ಮನ ಮುಖ ನೋಡದೆ. ಬೆಳಿಗ್ಗೆ ಮೈದಾನಕ್ಕೆ ಹೋದರೆ ದೂರದೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಹುಡುಗಿಯರು ಕಾಂಪೌಂಡಿನ ಉದ್ದಕ್ಕೂ ಚೀಲಕ್ಕೆ ಒರಗಿ ಕೂತಿದ್ದರು. ಕಣ್ಣು ಕೆಂಪಗೆ, ತುಟಿ ಒಣಗಿ. ಕೆಲವರು ನಂಬರಿನ ಚೀಟಿ ಎದೆಗೆ ಚುಚ್ಚಿಕೊಂಡೇ ತೂಕಡಿಸುತ್ತಿದ್ದರು. ಚಿಕ್ಕಮ್ಮ ಅವರನ್ನು ನೋಡುತ್ತ ಮಂಕಾದಳು. “ಪಾಪ, ಇವ್ರಿಗೆ ಮಲಗು ಅನ್ನೋರು ಯಾರೂ ಇಲ್ವಲ್ಲ ಅತ್ತೆ,” ಅಂದಳು.

ಅವಳು ಓಡುವುದನ್ನು ಅಜ್ಜಿ ಅದುವರೆಗೆ ನೋಡಿಯೇ ಇರಲಿಲ್ಲ. ವಿಶಲ್ ಆದಾಗ ಒಂದಷ್ಟು ಹುಡುಗಿಯರು ನುಗ್ಗಿ ಮುಂದೆ ಹೋದರು, ಚಿಕ್ಕಮ್ಮ ಗುಂಪಿನ ಹಿಂದೆಲ್ಲೋ ಉಳಿದಳು. “ಇವಳ್ಯಾಕೆ ಹಿಂದೆ? ಎಂತ ಆಯ್ತು?” ಎಂದು ಅಜ್ಜಿ ನನ್ನ ಭುಜ ಅಲ್ಲಾಡಿಸಿದಳು. ಅರ್ಧ ದಾಟಿದ ಮೇಲೆ ಮುಂದಿದ್ದವರ ಭುಜಗಳು ಮೇಲೇರತೊಡಗಿದವು, ತಲೆಗಳು ಆಚೀಚೆ ಹೊಯ್ದಾಡಿದವು. ಚಿಕ್ಕಮ್ಮನ ತಲೆ ಮಾತ್ರ, ನೀರು ತುಂಬಿದ ಕೊಡ ಹೊತ್ತವಳಂತೆ ಅಲುಗಾಡದೆ ಒಬ್ಬೊಬ್ಬರನ್ನೇ ದಾಟಿ ಮುಂದೆ ಬಂತು. ಕೊನೆಯ ತಿರುವಿನಲ್ಲಿ ಅವಳ ಹೆಜ್ಜೆ ಉದ್ದವಾಯಿತು. ನಮ್ಮ ಮುಂದೆ ಹಾದುಹೋಗುವಾಗ ಅವಳ ಮುಖದಲ್ಲಿ ನೋವಿರಲಿಲ್ಲ, ಹಟವೂ ಇರಲಿಲ್ಲ. ಬೆಳಿಗ್ಗೆ ಮುಖ ತೊಳೆದು ಬಂದವಳ ಹಾಗಿದ್ದಳು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಓಟ ಮುಗಿದು, ಅವಳು ಗೆದ್ದವರ ಸಾಲಿನಲ್ಲಿ ನಿಂತ ಮೇಲೂ ಅಜ್ಜಿ ಸೆರಗು ತೆಗೆಯಲಿಲ್ಲ.

“ಅದು ನಮ್ಮನೆ ವಾರಿಜನೇನೇ?” ಎಂದು ನನ್ನನ್ನು ಕೇಳಿದಳು. “ಇಷ್ಟು ದಿನ ನಮ್ಮನೇಲಿ ಪಾತ್ರೆ ತೊಳೀತಿದ್ದೋಳಾ?”

ಚಿಕ್ಕಮ್ಮನಿಗೆ ಕೆಲಸ ಸಿಕ್ಕಿತು. ಆದೇಶ ಬರಲು ತಡವಾಯಿತು, ಹೊಸನಗರದಾಚೆಯ ಕಾಡಿಗೆ ಹಾಕಿದರು, ಖಾಕಿ ತೊಟ್ಟು ಅವಳು ಮೊದಲ ಸಲ ಮನೆಗೆ ಬಂದ ದಿನ ಅಪ್ಪ ಗಲ್ಲಾದಿಂದ ಎದ್ದು ನಿಂತುಬಿಟ್ಟ. ಅವೆಲ್ಲ ಆಮೇಲಿನ ಮಾತು. ನನ್ನಲ್ಲಿ ಉಳಿದಿರುವುದು ಶಿವಮೊಗ್ಗದಿಂದ ಬಂದ ಮರುದಿನದ ಮಧ್ಯಾಹ್ನ. ಊಟವಾಗಿತ್ತು. ಚಿಕ್ಕಮ್ಮ ಉಗ್ರಾಣಕ್ಕೆ ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಒಲೆಯ ಹತ್ತಿರ ಹೋಗಿ, ಬಜೆ ಕರಿಯುತ್ತಿದ್ದ ಅಮ್ಮನ ಕೈಯಿಂದ ಜಾಲರಿ ಸಟ್ಟುಗ ತೆಗೆದುಕೊಂಡಳು.

“ಅಕ್ಕಾ, ನೀನು ಹೋಗಿ ಮಲಗು.”

“ನಾನಾ?” ಅಮ್ಮ ನಕ್ಕಳು. “ನಾನೆಂತಕ್ಕೆ? ನನಗೆಲ್ಲಿ ಓಡೋಕಿದೆ?”

“ನೀನು ಇಷ್ಟು ವರ್ಷ ಓಡಿದ್ದು ಆಗಿದೆ ಅಲ್ವಾ ಅಕ್ಕಾ.”

ಅಮ್ಮನ ನಗು ನಿಂತಿತು. ಅಜ್ಜಿಯ ಕಡೆ ನೋಡಿದಳು. ಅಜ್ಜಿ ಉದ್ದು ಕೇರುವುದನ್ನು ನಿಲ್ಲಿಸದೆ, “ಎಣ್ಣೆ ಕೈ ತೊಳ್ಕೊಂಡು ಹೋಗು,” ಅಂದಳು. ಅಮ್ಮ ಕೈ ತೊಳೆದಳು. ಒರೆಸಿಕೊಂಡಳು. ಇನ್ನೊಮ್ಮೆ ತೊಳೆದಳು. ಆಮೇಲೆ ಹೊಸ ಜಾಗಕ್ಕೆ ಹೋಗುವವಳಂತೆ ಉಗ್ರಾಣದ ಬಾಗಿಲು ದೂಡಿ ಒಳಗೆ ಹೋದಳು.

ಮಧ್ಯಾಹ್ನದ ಬಸ್ಸುಗಳು ಬಂದವು, ಹೋದವು. ನಾನು ಶಾಲೆಯ ಲೆಕ್ಕ ಮಾಡುತ್ತ ಬಾಗಿಲ ಹೊರಗೆ ಕೂತೆ. ಒಳಗೆ ಇಣುಕಿದಾಗ ಅಮ್ಮ ಮಗ್ಗುಲಾಗಿ, ಅಂಗೈ ಕೆನ್ನೆಯಡಿ ಇಟ್ಟುಕೊಂಡು ಮಲಗಿದ್ದಳು. ಹುಬ್ಬುಗಳ ನಡುವೆ ಅವಳಿಗೆ ಒಂದು ಗೆರೆಯಿತ್ತು. ಮೂಗು ಕಿವಿಗಳ ಹಾಗೆ ಅದೂ ಅವಳ ಮುಖದ ಭಾಗವೆಂದೇ ನಾನು ತಿಳಿದಿದ್ದೆ. ಆ ಗೆರೆ ಇರಲಿಲ್ಲ. ಅದು ಹೋದ ಮೇಲೆ ಅಲ್ಲಿದ್ದವಳು ನನಗಿಂತ ಬಹಳ ದೊಡ್ಡವಳಲ್ಲದ ಒಬ್ಬ ಹುಡುಗಿ. ಕರೆಯೋಣವೆನ್ನಿಸಿತು, ಯಾವ ಹೆಸರಿನಿಂದ ಎಂದು ತಿಳಿಯದೆ ಸುಮ್ಮನಾದೆ.

ಸಂಜೆ ದೀಪ ಹಾಕಿದ ಮೇಲೆ ಅವಳು ಎದ್ದು ಬಂದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆಗಳಿದ್ದವು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಉರಿಯುವ ಬಲ್ಬನ್ನೂ, ಹೊರಗಿನ ಮಬ್ಬನ್ನೂ, ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿಯೂ ನೋಡಿದಳು.

“ಬೆಳಗಾಯ್ತಾ?” ಎಂದು ಕೇಳಿದಳು.

ಚಿಕ್ಕಪ್ಪನಿಗೆ ನಗು ಬಂದಿತ್ತು, ಅಜ್ಜಿ ಕಣ್ಣು ಬಿಟ್ಟಿದ್ದಕ್ಕೆ ತಡೆದುಕೊಂಡ. ಅಪ್ಪ ಒಂದು ಲೋಟ ಕಾಫಿ ಬಗ್ಗಿಸಿ, ಗಿರಾಕಿಗಳ ಮೇಜಿನ ಮೇಲೆ ಇಟ್ಟು, ಬೆಂಚನ್ನು ಅವಳ ಕಡೆ ಎಳೆದ. ಅಮ್ಮ ಬಂದು ಕೂತಳು. ಲೋಟವನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅವಸರವಿಲ್ಲದೆ, ರಸ್ತೆ ನೋಡುತ್ತ ಕುಡಿದಳು.